ಹೊಸ ನುಡಿಗೆ ಹೊಸ ಅಕ್ಷರ

ಇಲ್ಲದ ಭಾಷೆಯೊಂದನ್ನು ಕಲ್ಪಿಸಿ, ಅದಕ್ಕೊಂದು ಲಿಪಿಯನ್ನೂ ರಚಿಸುವ ಹವ್ಯಾಸ ಕೆಲವು ಮಕ್ಕಳಿಗಿರುತ್ತದೆ. 2015ರ ‘ಬಾಹುಬಲಿ’ ಚಲನಚಿತ್ರದಲ್ಲಿ ಕಾಲಕೇಯರು ಆಡಿದ ‘ಕಿಲಿಕಿ’ ಅಂತಹ ಕಲ್ಪಿತ ಭಾಷೆ. ತಮಿಳು ಗೀತರಚನಕಾರ ಮದನ್ ಕಾರ್ಕಿ ಅದನ್ನು ಹೆಣೆದರು. 2020ರಲ್ಲಿ ಅದರ ಲಿಪಿಯೂ ಹೊರಬಂದಿತು. ಇದನ್ನು ಹುಡುಗಾಟವೆಂದು ಗದರಿಸುವ ಮುನ್ನ ಹಿರಿಯರು ಧರ್ಮಸಭೆಯ ಸಂತರೊಬ್ಬರನ್ನು ನೆನೆಯಬೇಕು.

ಜರ್ಮನಿಯ ಮಠಾಧ್ಯಕ್ಷೆ, ಬಿಂಗೆನ್ನಿನ ಸಂತ ಹಿಲ್ಡೆಗಾರ್ಡ್ (1098-1179) ಸಾವಿರಕ್ಕೂ ಮಿಕ್ಕ ಪದಗಳ ‘ಅಜ್ಞಾತ ಭಾಷೆ’ಯನ್ನೂ 23 ಅಕ್ಷರಗಳ ‘ಅಜ್ಞಾತ ಲಿಪಿ’ಯನ್ನೂ ರಚಿಸಿದ್ದರು. ‘ಐಗೊಂಝ್’ ಎಂದರೆ ದೇವರು. ಅಲ್ಲಿಂದ ಆರಂಭವಾಗುವ ಪದಪಟ್ಟಿಯು ದೇವದೂತರು, ಮನುಷ್ಯರು, ಗಿಡಮರಗಳು, ಪಕ್ಷಿಗಳನ್ನು ಹಾದು ಕಟ್ಟಕಡೆಗೆ ಜೀರುಂಡೆಯಂತಹ ಕೀಟವೊಂದರಲ್ಲಿ ಮುಗಿಯುತ್ತದೆ. 2012ರಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು ಇವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಆದರೂ ಒಂದು ಮಾತನ್ನು ಹೇಳಲೇಬೇಕು. ಆ 23 ಅಕ್ಷರಗಳು ಲ್ಯಾಟಿನ್ ಅಕ್ಷರಗಳಿಗೆ ಒಂದಕ್ಕೊಂದು ಬದಲಿಯಾಗಿವೆ. ರೂಪ ಹೊಸದು, ಧ್ವನಿಗಳ ವಿಂಗಡಣೆ ಹಳೆಯದು. ಈ ಅರ್ಥದಲ್ಲಿ ಅದು ಗುಪ್ತಲಿಪಿ ಮಾತ್ರ.

ಬರಹವು ಮಾತಿನ ಸಂಕೇತ, ಮಾತು ಮನದ ಅನುಭವದ ಸಂಕೇತ ಎಂಬುದು ಅರಿಸ್ಟಾಟಲನ ಅಭಿಮತ. ಅಂದಮೇಲೆ ಲಿಪಿಕಾರನ ಕೆಲಸ ಕಿವಿಯಿಂದಲೇ ಆರಂಭವಾಗಬೇಕು. ‘ಹಳ್ಳಿ’ಯ ಒಂದು ಧ್ವನಿ ಬದಲಾದರೆ ‘ಹಲ್ಲಿ’ಯಾಗುತ್ತದೆ, ಆದ್ದರಿಂದ ಅಲ್ಲಿ ಎರಡು ಅಕ್ಷರಗಳು ಅವಶ್ಯ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ರಂಧ್ರವಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ರಂಧ್ರ ತಪ್ಪಿದರೂ ಸೀರೆಯ ಅಂಚಿನ ಹೂವು ಕೆಡುತ್ತದೆ. 863ರ ಸುಮಾರಿಗೆ ಸ್ಲಾವ್ ಜನರಿಗಾಗಿ ಲಿಪಿ ರಚಿಸಿದ ಸಂತ ಸಿರಿಲ್ ಮಾಡಿದ್ದೂ ಇದನ್ನೇ. ಗ್ರೀಕ್ ಲಿಪಿಯಲ್ಲಿಲ್ಲದ ಶಕಾರ, ಚಕಾರಾದಿ ಧ್ವನಿಗಳಿಗೆ ಅವರು ಪ್ರತ್ಯೇಕ ಚಿಹ್ನೆಗಳನ್ನಿತ್ತರು. ಇದರ ಮಗ್ಗುಲನ್ನು ನಮ್ಮ ಮುಧೋಳದ ರನ್ನ ಕವಿಯಲ್ಲಿ ಕಾಣಬಹುದು. ಹತ್ತನೆಯ ಶತಮಾನದಲ್ಲಿ ಆತ ಬಳಸಿದ ‘ಱ’, ‘ೞ’ ಅಕ್ಷರಗಳು, ಆ ಧ್ವನಿಗಳು ಬಾಯಿಂದ ಮರೆಯಾದ ಬಳಿಕ, ಬರಹದಿಂದಲೂ ಮರೆಯಾದವು.

ಕರ್ನಾಟಕದಲ್ಲಿ ಈ ಪ್ರಶ್ನೆ ಆಟವಲ್ಲ. ಕೊಡವ ಭಾಷೆ ಕಲ್ಪಿತವಲ್ಲ, ಆದರೆ ಅದಕ್ಕಾಗಿ ಕಲ್ಪಿಸಿದ ಲಿಪಿಗಳು ಒಂದಕ್ಕಿಂತ ಹೆಚ್ಚು. ಐ.ಮಾ. ಮುತ್ತಣ್ಣನವರು ಒಂದನ್ನು ರಚಿಸಿದರು. 2005ರಲ್ಲಿ ಗ್ರೆಗ್ ಕಾಕ್ಸ್ ಎಂಬ ಭಾಷಾವಿದರ ಇನ್ನೊಂದು ಬಂದಿತು. ತುಟಿ ದುಂಡಗಾಗಿಸದೆ ಉಚ್ಚರಿಸುವ ಕೆಲವು ಕೊಡವ ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲವೆಂಬುದು ನಿಜವಾದ ಕೊರತೆ. ಬ್ಯಾರಿ ಭಾಷೆಗೂ 2020ರಲ್ಲಿ ಲಿಪಿ ಸಿದ್ಧವಾಯಿತು. ಆದರೂ ಕೊಡವರ, ಬ್ಯಾರಿಗಳ ಸಾಹಿತ್ಯವೆಲ್ಲ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲೇ ಅಚ್ಚಾಗಿದೆ; ಮಂಗಳೂರಿನ ನಮ್ಮ ಕೊಂಕಣಿ ಕಥೋಲಿಕರ ಪ್ರಾರ್ಥನಾ ಪುಸ್ತಕಗಳೂ ಹಾಗೆಯೇ.

ನಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿ ನುಡಿಗೆ ಸ್ವಂತ ಲಿಪಿಯಿಲ್ಲ. ಇಲ್ಲಿ ಅದನ್ನು ಕನ್ನಡದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ಬೀಳಗಿಯ ಅಕ್ಕ ಬರೆದುದನ್ನು ಸೊಲ್ಲಾಪುರದ ತಂಗಿ ಓದಲಾರಳು. ಎಲ್ಲರಿಗೂ ಒಂದೇ ಹೊಸ ಲಿಪಿ ಬಂದರೆ ಈ ಗೋಡೆ ಬೀಳಬಹುದು. ಆದರೆ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಕಲಿಯುವ ಮಗುವಿನ ಹೆಗಲಿಗೆ ನಾಲ್ಕನೆಯ ಲಿಪಿ ಏರುತ್ತದೆ. ಇದ್ದ ಅಕ್ಷರಗಳಿಗೆ ಎರಡು ಮೂರು ಚಿಹ್ನೆ ಸೇರಿಸುವುದೇ ಲೇಸೆಂದು ನನ್ನ ಎಣಿಕೆ. ತೀರ್ಮಾನ ಮಾತ್ರ ತಾಂಡಾದವರದು.

ಮನೆಯಲ್ಲಿ ಲಿಪಿ ರಚಿಸುವ ಮಕ್ಕಳಿದ್ದರೆ, ಪಾಲಕರೇ, ಅವರಿಗೊಂದು ಪರೀಕ್ಷೆ ಒಡ್ಡಿರಿ. ತಾನು ಬರೆದ ಹತ್ತು ಸಾಲನ್ನು ಮಗು ತಂಗಿಯ ಕೈಗೆ ಕೊಡಲಿ. ಅವಳು ಓದುತ್ತ ಎಲ್ಲಿ ತಡವರಿಸುವಳೋ ಅಲ್ಲಿಯ ಅಕ್ಷರವನ್ನು ತಿದ್ದಲಿ.