ಅಕ್ಷರವೂ ಅಂಕೆಯೂ

ಗಣಕಯಂತ್ರವು ಅಕ್ಷರವನ್ನರಿಯದು; ಅಂಕೆಯನ್ನು ಮಾತ್ರ ಬಲ್ಲುದು. ಆದುದರಿಂದ ಲೋಕದ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವರು. ಈ ಏರ್ಪಾಡಿಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಹೊರಟ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದುವು.

ಇಷ್ಟು ಸ್ಥಾನಗಳು ಸಾಲುವುವೆ ಎಂದು ವಾಚಕರು ಕೇಳಬಹುದು. ನಮ್ಮ 34 ವ್ಯಂಜನಗಳನ್ನು ಎರಡೆರಡಾಗಿ ಕೂಡಿಸಿದರೆ 1,156 ಸಂಯೋಗಗಳಾಗುವುವು, ಕಾಗುಣಿತವು ಬೇರೆ. ಇಂತಹದೇ ತೊಡಕನ್ನು ಕೊರಿಯಾ ದೇಶದವರು ಎಣಿಕೆಯಿಂದಲೇ ಬಿಡಿಸಿದರು. ಅವರ ಲಿಪಿಯಲ್ಲಿ ಆದಿವ್ಯಂಜನಗಳು 19, ಸ್ವರಗಳು 21, ಅಂತ್ಯವ್ಯಂಜನಗಳು 27. ಅಂತ್ಯದಲ್ಲಿ ವ್ಯಂಜನವಿಲ್ಲದಿರುವುದೂ ಉಂಟಾದುದರಿಂದ ಅದನ್ನು 28 ಎಂದೆಣಿಸಬೇಕು. ಇವುಗಳ ಗುಣಲಬ್ಧವು 11,172. 1996ರ ಆವೃತ್ತಿಯಲ್ಲಿ ಇಷ್ಟು ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆಗಳು ದೊರೆತುವು. ‘ಹನ್’ ಎಂಬುದು ಅವರಿಗೆ ಒಂದೇ ಅಕ್ಷರ. ಅದರ ಸಂಖ್ಯೆಯೂ ಒಂದೇ, 54,620.

ಕನ್ನಡದಲ್ಲಾದರೋ ‘ಸ್ತ್ರೀ’ ಎಂಬಲ್ಲಿರುವಂತೆ ಮೂರು ವ್ಯಂಜನಗಳೂ ಕೂಡುವುವು. ಆದಕಾರಣ ಬಿಡಿ ವರ್ಣಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಇರಿಸುವುದೇ ಇಲ್ಲಿಯ ಪದ್ಧತಿ. ಮಂಗಳೂರಿನ ‘ಫಳ್ನೀರ್’ ಎಂಬ ಹೆಸರನ್ನೇ ನೋಡೋಣ. ಕಣ್ಣಿಗೆ ತೋರುವುದು ಮೂರು ಅಕ್ಷರ. ಯಂತ್ರದೊಳಗಿರುವುದು ಏಳು ಸಂಖ್ಯೆ. ಫಕಾರ, ಳಕಾರ, ಹಲಂತಚಿಹ್ನೆ, ನಕಾರ, ಈಕಾರಚಿಹ್ನೆ, ರಕಾರ, ಮತ್ತೆ ಹಲಂತಚಿಹ್ನೆ. ಬರೆಯುವಾಗ ಗುಡಿಸು ಳಕಾರದ ತಲೆಯ ಮೇಲೇರುವುದು. ಸಂಗ್ರಹದಲ್ಲಿ ಅದು ನಕಾರದ ಬಳಿಕವೇ ಇರುವುದು. ರೂಪವನ್ನು ಹೊಂದಿಸುವ ಭಾರವು ಫಾಂಟಿನದು. ಸಂಸ್ಕೃತ ಪಾಠಶಾಲೆಯ ವರ್ಣವಿಚ್ಛೇದವೂ ಬಹುಮಟ್ಟಿಗೆ ಇದೇ. ಅಲ್ಲಿ ಅಕಾರವನ್ನು ಬೇರೆಯಾಗಿ ಬರೆಯುವೆವು. ಇಲ್ಲಿ ಅದು ವ್ಯಂಜನದಲ್ಲಿಯೇ ಅಡಗಿದ್ದು, ಹಲಂತಚಿಹ್ನೆಯಿಂದ ಕಳೆಯುವುದು. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೂ ಈ ಕ್ರಮವನ್ನೇ ಅನುಸರಿಸುವುದು.

ಇದು ಪಂಡಿತರ ಚರ್ಚೆಯೆಂದು ಗೃಹಸ್ಥರು ಉಪೇಕ್ಷಿಸತಕ್ಕದ್ದಲ್ಲ. ಹೆಸರಿಗೆ ಆರೇ ಸ್ಥಾನಗಳನ್ನು ಕೊಟ್ಟ ಅರ್ಜಿಯಲ್ಲಿ ‘ಫಳ್ನೀರ್’ ಎಂಬುದು ‘ಫಳ್ನೀರ’ ಎಂದಾದೀತು. ಮಗುವಿನ ಹೆಸರು ಶಾಲೆಯಲ್ಲೊಂದು, ಬ್ಯಾಂಕಿನಲ್ಲೊಂದು ಬಗೆಯಾದರೆ ಮುಂದೆ ಅಲೆಯಬೇಕಾದವರು ತಾಯಿತಂದೆಗಳೇ. ಇನ್ನೊಂದು ಅಪಾಯವು ಹಳೆಯ ಕಡತಗಳದು. ಯೂನಿಕೋಡ್ ರೂಢಿಗೆ ಬರುವ ಮೊದಲು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನಿರಿಸಿ ಬರೆಯುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಜ್ಜನ ಆತ್ಮಕಥೆಯೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುವುದು.

ಆದುದರಿಂದ ಅಂತಹ ಕಡತಗಳನ್ನು, ಓದಬಲ್ಲ ಹಿರಿಯರಿರುವಾಗಲೇ, ಯೂನಿಕೋಡಿಗೆ ಪರಿವರ್ತಿಸಿ ಮೂಲದೊಡನೆ ಹೋಲಿಸಿ ತಿದ್ದಿಡಬೇಕು. ಅರ್ಜಿಯನ್ನು ಒಪ್ಪಿಸುವ ಮುನ್ನ ಹೆಸರಿನ ಕೊನೆಯಕ್ಷರವನ್ನು ಮತ್ತೊಮ್ಮೆ ನೋಡಬೇಕು. ಎಣಿಸುವುದು ಯಂತ್ರದ ಕೆಲಸ. ಓದಿ ನೋಡುವುದು ನಮ್ಮದು.