ಅಂಟಿಗೆ–ಪಂಟಿಗೆ: ಮನೆಯವರೂ ಮೇಳದವರೇ

ಬಲಿಪಾಡ್ಯಮಿಯ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳ್ಳಿಗಳಲ್ಲಿ ಅಂಟಿಗೆ–ಪಂಟಿಗೆಯ ತಂಡ ದೀಪ ಹಿಡಿದು, ಹಾಡುತ್ತ ಮನೆಮನೆಗೆ ಹೊರಡುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲೂ ಈ ಪದ್ಧತಿಯಿದೆ. ಇದನ್ನು ಕೂತು ನೋಡುವಂತಿಲ್ಲ. ಮನೆಯವರು ತಮ್ಮ ಪಾಲಿನ ಕೆಲಸ ಮಾಡಿದರಷ್ಟೇ ಹಾಡು ಮುಂದೆ ಸಾಗುತ್ತದೆ.

ಊರ ದೇವಸ್ಥಾನದಲ್ಲಿ ಪೂಜೆ ಮಾಡಿ ಅಲ್ಲಿಯೇ ದೀಪ ಹೊತ್ತಿಸಿಕೊಳ್ಳುತ್ತಾರೆ. ಅದು ಕೊನೆಯ ತನಕ ಆರಬಾರದು. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ಇಳಿದು, ಹಳ್ಳ ದಾಟಿ, ಗುಡ್ಡ ಹತ್ತಬೇಕಾದ ನಾಡಿದು. ಗಾಳಿಗೆ ಮರೆಮಾಡಿ ದೀಪ ಕಾಯುವವನ ಹೊಣೆ ಹಾಡುಗಾರನದಕ್ಕಿಂತ ಕಡಿಮೆಯಲ್ಲ. ಇಬ್ಬರು ಸಾಲು ಎತ್ತಿದರೆ ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಪದ ಬಾರದ ಹುಡುಗರೂ ಹೀಗೆ ದನಿಗೂಡಿಸುತ್ತಲೇ ಕಲಿಯುತ್ತಾರೆ.

ಅಂಗಳಕ್ಕೆ ಬಂದವರು ಮೊದಲು ಹಾಡುವುದು ಬಾಗಿಲು ತೆರೆಸುವ ಪದ. ಬಾಗಿಲು ತೆರೆದ ಮನೆಯವರು ಆ ದೀಪದಿಂದ ತಮ್ಮ ಹಣತೆ ಹೊತ್ತಿಸಿಕೊಂಡು, ತಂಡದ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ನನ್ನ ಮಟ್ಟಿಗೆ ಇಡೀ ಆಚರಣೆಯ ಜೀವ ಈ ಎಣ್ಣೆಯಲ್ಲಿದೆ. ಹತ್ತನೆಯ ಮನೆಗೆ ಬರುವ ಬೆಳಕಿನಲ್ಲಿ ಹಿಂದಿನ ಒಂಬತ್ತು ಮನೆಗಳ ಎಣ್ಣೆ ಉರಿಯುತ್ತಿರುತ್ತದೆ. ಆಮೇಲೆ ಬಲೀಂದ್ರನ ಪದ, ಮನೆಯವರು ಕೇಳಿದರೆ ಇನ್ನೂ ಒಂದೆರಡು. ಕಡೆಗೆ ಮಕ್ಕಳು, ದನಕರು, ಬೆಳೆಗೆಲ್ಲ ಹಾರೈಕೆ.

ಹೊರಡುವಾಗ ಅಕ್ಕಿ, ಕಾಣಿಕೆ ಕೊಡುತ್ತಾರೆ. ಇದನ್ನು ಭಿಕ್ಷೆಯೆಂದು ತಿಳಿಯುವುದು ತಪ್ಪು. ಸಾಮಾನ್ಯವಾಗಿ ಮೂರು ರಾತ್ರಿ ಸುತ್ತಿ, ದೀಪವನ್ನು ದೇವರಿಗೊಪ್ಪಿಸಿದ ಮೇಲೆ, ಕೂಡಿಬಂದದ್ದರಲ್ಲೇ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಹೀಗೆ ಉಣ್ಣುವುದನ್ನೇ ಕಲೆಯೆಂದು ಕಂಡವರೂ ಇದ್ದಾರೆ. ರಿರ್ಕ್ರಿತ್ ತಿರವನೀಜ ಎಂಬ ಕಲಾವಿದ 1992ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಥಾಯ್ ಅಡುಗೆ ಮಾಡಿ, ಬಂದವರಿಗೆ ಬಡಿಸಿ, ಅದನ್ನೇ ಕಲಾಕೃತಿಯಾಗಿ ಮುಂದಿಟ್ಟ. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಅಡುಗೆ ಕಲಾವಿದನದು, ಬಂದವರು ಅತಿಥಿಗಳು. ಇಲ್ಲಿ ಅಕ್ಕಿ, ಎಣ್ಣೆ, ಹಾಡು ಎಲ್ಲವೂ ಊರಿನದೇ.

ಹಾಡುವ ವಯಸ್ಸಿನವರು ಬೆಂಗಳೂರು ಸೇರಿರುವ ಈ ದಿನಗಳಲ್ಲಿ ಬಂದ ತಂಡವನ್ನು ಬರಿಗೈಯಲ್ಲಿ ಕಳಿಸಬಾರದು. ನಿಮ್ಮ ಮನೆ ಈ ಸೀಮೆಯಲ್ಲಿದ್ದರೆ ಆ ರಾತ್ರಿ ಗೇಟಿನ ಬೀಗ ತೆಗೆದಿಡಿ, ನಾಯಿ ಕಟ್ಟಿಹಾಕಿ. ಹಣತೆ, ಎಣ್ಣೆ, ಅಕ್ಕಿ ಜಗಲಿಯಲ್ಲಿ ಸಿದ್ಧವಿರಲಿ. ಮನೆಬಾಗಿಲು ಮಾತ್ರ ಮುಚ್ಚಿರಲಿ. ಪದ ಕೇಳಿದ ಮೇಲೆಯೇ ತೆರೆಯಿರಿ. ಮೊಬೈಲಿನಲ್ಲಿ ಚಿತ್ರ ಹಿಡಿಯುವುದು ಆಮೇಲಾಗಲಿ, ಎಣ್ಣೆಯ ಗಿಂಡಿಯನ್ನು ಮಕ್ಕಳ ಕೈಗೆ ಕೊಡಿ.