ಕೂಪನ್ ತುಂಬುವ ಮುನ್ನ: ತರಕಾರಿ ಬುಟ್ಟಿ, ಮ್ಯೂಸಿಯಂ ಟಿಕೆಟ್ ಮತ್ತು ಲಕ್ಕಿ ಡ್ರಾ

ನಿಮ್ಮ ಬಡಾವಣೆಯ ದಿನಸಿ ಅಂಗಡಿಯಲ್ಲಿ ಬಿಲ್ ಕೌಂಟರಿನ ಪಕ್ಕ ಒಂದು ರಟ್ಟಿನ ಡಬ್ಬ ಇಟ್ಟಿದ್ದಾರೆ ಎಂದುಕೊಳ್ಳಿ. ಮೇಲೊಂದು ಸೀಳು, ಮುಂದೆ ಅಂಟಿಸಿದ ಬಣ್ಣದ ಕಾಗದ. ‘500 ರೂಪಾಯಿಗೆ ಹಣ್ಣು, ತರಕಾರಿ, ಸಿರಿಧಾನ್ಯ ಕೊಂಡರೆ ಒಂದು ಕೂಪನ್. ಮೊದಲ ಬಹುಮಾನ ತಿಂಗಳ ತರಕಾರಿ ಬುಟ್ಟಿ. ಎರಡನೆಯದು ಇಡೀ ಕುಟುಂಬಕ್ಕೆ ಮ್ಯೂಸಿಯಂ ಟಿಕೆಟ್.’ ಬಿಲ್ಲಿನ ಜೊತೆ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಹೆಸರು, ವಿಳಾಸ, ಮೊಬೈಲ್ ನಂಬರು ಬರೆಯಲು ಜಾಗ. ಹಿಂದೆ ನಿಂತವರಿಗೆ ಅವಸರ. ನೀವೂ ಗೀಚಿ ಡಬ್ಬಕ್ಕೆ ಹಾಕಿ ಮನೆಗೆ ನಡೆಯುತ್ತೀರಿ.

ಇದು ನಮಗೆ ಹೊಸದಲ್ಲ. ಗಣೇಶನ ಪೆಂಡಾಲಿನ ಲಕ್ಕಿ ಡಿಪ್, ದೀಪಾವಳಿ ಸಮಯದ ಬಟ್ಟೆ ಅಂಗಡಿಯ ಲಕ್ಕಿ ಡ್ರಾ, ಪುಟ್ಟ ಮಗುವನ್ನು ವೇದಿಕೆಗೆ ಕರೆದು ಚೀಟಿ ಎತ್ತಿಸುವುದು, ಎಲ್ಲವನ್ನೂ ನೋಡಿದ್ದೇವೆ. ಅಲ್ಲಿ ಮಿಕ್ಸಿ, ಕುಕ್ಕರ್, ಬೆಳ್ಳಿ ನಾಣ್ಯ. ಇಲ್ಲಿ ಸೊಪ್ಪು, ಹಣ್ಣು, ಮ್ಯೂಸಿಯಂ. ಉದ್ದೇಶ ನಿಜಕ್ಕೂ ಒಳ್ಳೆಯದು. ಆದರೆ ಇಂಥ ಯೋಜನೆಗೂ ಕಾನೂನು ಉಂಟು, ತೆರಿಗೆ ಉಂಟು, ಅದರ ಹೆಸರಿನಲ್ಲಿ ಮೋಸವೂ ಉಂಟು. ಒಂದೊಂದಾಗಿ ನೋಡೋಣ.

ಮೂರು ಪ್ರಶ್ನೆಗಳ ಪರೀಕ್ಷೆ

ಯಾವ ಬಹುಮಾನ ಯೋಜನೆ ಎದುರಾದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಸೇರಲು ದುಡ್ಡು ಕೊಡಬೇಕೆ? ಗೆಲ್ಲುವುದು ಬರೀ ಅದೃಷ್ಟದಿಂದಲೇ? ಗೆದ್ದವರಿಗೆ ಬಹುಮಾನ ಉಂಟೆ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಹೆಸರು ಏನೇ ಇರಲಿ, ಅದು ಲಾಟರಿ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತುಹೋಯಿತು. ಸರ್ಕಾರದ ಅಧಿಕಾರವಿಲ್ಲದ ಲಾಟರಿಗಾಗಿ ಖಾಸಗಿಯವರು ಕಚೇರಿ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲಾಗಬಹುದು.

ಮೂರರಲ್ಲಿ ಒಂದನ್ನು ತೆಗೆದರೆ ಯೋಜನೆಯ ಸ್ವರೂಪವೇ ಬದಲಾಗುತ್ತದೆ. ಹಿಂದೆ ಪತ್ರಿಕೆಗಳಲ್ಲಿ ‘ನನಗೆ ಈ ಸೋಪು ಇಷ್ಟ, ಏಕೆಂದರೆ...’ ಎಂಬ ವಾಕ್ಯವನ್ನು ಹತ್ತು ಪದಗಳಲ್ಲಿ ಪೂರ್ತಿ ಮಾಡಿ ಎಂಬ ಸ್ಪರ್ಧೆಗಳು ಬರುತ್ತಿದ್ದವು, ನೆನಪಿದೆಯೆ? ಅದೃಷ್ಟದ ಜಾಗದಲ್ಲಿ ಜಾಣ್ಮೆಯನ್ನು ಕೂರಿಸುವುದೇ ಆ ಹತ್ತು ಪದಗಳ ಕೆಲಸವಾಗಿತ್ತು.

ಈ ವ್ಯತ್ಯಾಸವನ್ನು ದೇಶಕ್ಕೆ ಸ್ಪಷ್ಟಪಡಿಸಿದ ಮೊಕದ್ದಮೆಗೆ ಬೆಂಗಳೂರಿನ ನಂಟಿದೆ. ಇಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಆರ್‌ಎಂಡಿಸಿ ಹೆಸರಿನ ಪದಬಂಧ ಸ್ಪರ್ಧೆ ಬರುತ್ತಿತ್ತು. ಪತ್ರಿಕೆ ಬೊಂಬಾಯಿ ರಾಜ್ಯದಲ್ಲೂ ಬಹಳ ಮಾರಾಟವಾಗುತ್ತಿತ್ತು. ಅಲ್ಲಿನ ಸರ್ಕಾರ ಅದರ ಮೇಲೆ ತೆರಿಗೆ, ಲೈಸೆನ್ಸು ಹೇರಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಜೂಜು ಸಂವಿಧಾನದ ರಕ್ಷಣೆ ಇರುವ ವ್ಯಾಪಾರವಲ್ಲ ಎಂದು ನ್ಯಾಯಾಲಯ 1957ರಲ್ಲಿ ಹೇಳಿತು. ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ, ಗೆಲುವು ಬಹುಪಾಲು ಜಾಣ್ಮೆಯ ಮೇಲೆ ನಿಂತಿರುವ ಸ್ಪರ್ಧೆಗಳಿಗೆ 1955ರ ಬಹುಮಾನ ಸ್ಪರ್ಧೆ ಕಾಯಿದೆ ಅನ್ವಯಿಸುವುದಿಲ್ಲ ಎಂದಿತು. ಜಾಣ್ಮೆಯೋ ಅದೃಷ್ಟವೋ ಎಂಬ ಪ್ರಶ್ನೆಗೆ ಇಂದಿಗೂ ಈ ತೀರ್ಪುಗಳೇ ಬುನಾದಿ.

ಇದರ ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಮಾರಾಟ ಹೆಚ್ಚಿಸಲೆಂದು ಸ್ಪರ್ಧೆ, ಲಾಟರಿ, ಅದೃಷ್ಟದಾಟ ನಡೆಸುವುದನ್ನು ಅದು ‘ಅನುಚಿತ ವ್ಯಾಪಾರ ಪದ್ಧತಿ’ಗಳ ಪಟ್ಟಿಗೆ ಸೇರಿಸಿದೆ, ನಿಯಮಗಳಲ್ಲಿ ವಿನಾಯಿತಿ ಪಡೆದವನ್ನು ಮಾತ್ರ ಬಿಟ್ಟಿದೆ. ಕೊಡುವ ಮನಸ್ಸಿಲ್ಲದೆ ಬಹುಮಾನ ಘೋಷಿಸುವುದು, ವಸ್ತುವಿನ ಬೆಲೆಯಲ್ಲೇ ಸೇರಿಸಿ ‘ಉಚಿತ’ ಎನ್ನುವುದು, ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದು, ಇವೂ ಅದೇ ಪಟ್ಟಿಯಲ್ಲಿವೆ. ಜಾಹೀರಾತುಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಈ ಯೋಜನೆ ತಮಿಳುನಾಡಿಗೆ ಅನ್ವಯಿಸುವುದಿಲ್ಲ’ ಎಂದು ಬರೆದಿರುವುದನ್ನು ನೋಡಿರಬಹುದು. ಅಲ್ಲಿ ಬಹುಮಾನ ಯೋಜನೆಗಳನ್ನು ನಿಷೇಧಿಸುವ ಪ್ರತ್ಯೇಕ ಕಾನೂನು 1979ರಿಂದಲೇ ಇದೆ.

ಮೇಲೆ ಹೇಳಿದ ರಟ್ಟಿನ ಡಬ್ಬವನ್ನು ಈಗ ಇನ್ನೊಮ್ಮೆ ನೋಡಿ. ಕೂಪನ್ ಸಿಗಲು ಖರೀದಿ ಬೇಕು, ಗೆಲುವು ಅದೃಷ್ಟದ್ದು, ಬಹುಮಾನವೂ ಇದೆ. ಒಳ್ಳೆಯ ಮನಸ್ಸಿನಿಂದಲೇ ಇಟ್ಟಿದ್ದರೂ ಅದು ಕಾನೂನಿನ ತಪ್ಪು ಬದಿಯಲ್ಲಿ ನಿಂತಿದೆ. ಅದನ್ನು ಸರಿದಾರಿಗೆ ತರುವುದು ಕಷ್ಟವಲ್ಲ. ಅದು ಹೇಗೆಂದು ಕೊನೆಯಲ್ಲಿ ನೋಡೋಣ.

ಕೂಪನ್ನಿನ ನಿಜವಾದ ಬೆಲೆ

ಒಂದು ಲೆಕ್ಕ ಹಾಕೋಣ. ಡಬ್ಬದಲ್ಲಿ 1,200 ಕೂಪನ್ ಬಿದ್ದಿವೆ, ಬಹುಮಾನ ಮೂರು, ಅವುಗಳ ಒಟ್ಟು ಬೆಲೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಒಂದು ಕೂಪನ್ ಗೆಲ್ಲುವ ಸಾಧ್ಯತೆ ನಾನೂರರಲ್ಲಿ ಒಂದು. 6,000ವನ್ನು 1,200ಕ್ಕೆ ಹಂಚಿದರೆ ಕೂಪನ್ನಿನ ಬೆಲೆ ಐದೇ ರೂಪಾಯಿ. ಬಿಲ್ 430 ಆಗಿದ್ದಾಗ 500 ಮಾಡಲೆಂದು ಬೇಡದ ಸಿರಿಧಾನ್ಯದ ಪೊಟ್ಟಣ ಸೇರಿಸಿದರೆ, ಐದು ರೂಪಾಯಿಗಾಗಿ ಎಪ್ಪತ್ತು ರೂಪಾಯಿ ಕೊಟ್ಟಂತೆ. ಡಬ್ಬದ ಮೇಲೆ ಬರೆದಿರುವ ಸಾಮಾನು ಹೇಗೂ ಕೊಳ್ಳುವುದೇ ಆಗಿದ್ದರೆ ಮಾತ್ರ ಕೂಪನ್ ನಿಮಗೆ ಲಾಭ.

ತುಂಬುವ ಮುನ್ನ ನಾಲ್ಕು ಸಂಗತಿ ಓದಿ: ಯಾರು ಸೇರಬಹುದು, ಕೊನೆಯ ದಿನ ಯಾವುದು, ಚೀಟಿ ಎತ್ತುವುದು ಎಲ್ಲಿ ಮತ್ತು ಯಾವಾಗ, ಫಲಿತಾಂಶ ಎಲ್ಲಿ ಹಾಕುತ್ತಾರೆ. ಇವು ಬರೆದಿಲ್ಲದಿದ್ದರೆ ಕೌಂಟರಿನಲ್ಲೇ ಕೇಳಿ. ಉತ್ತರ ಸಿಗದಿದ್ದರೆ ಚೀಟಿ ತುಂಬುವ ಅಗತ್ಯವಿಲ್ಲ. ಮೊಬೈಲ್ ನಂಬರು ಕೊಡುವಾಗಲೂ ಯೋಚಿಸಿ. ಬಹುಮಾನ ಬಂದರೆ ತಿಳಿಸಲು ಒಂದು ನಂಬರು ಸಾಕು. ಹುಟ್ಟಿದ ದಿನ, ಆಧಾರ್, ಬ್ಯಾಂಕ್ ವಿವರ ಯಾವುದೂ ಬೇಕಿಲ್ಲ. ಬರೀ ಬಿಲ್ ಮಾಡಲು ಗ್ರಾಹಕರ ಮೊಬೈಲ್ ನಂಬರಿಗೆ ಒತ್ತಾಯ ಮಾಡಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಸೂಚಿಸಿದೆ.

ಗೆದ್ದರೆ ಏನು ಮಾಡಬೇಕು

ಲಕ್ಕಿ ಡ್ರಾದಲ್ಲಿ ಬಂದ ಬಹುಮಾನವೂ ಆದಾಯವೇ. ಅದಕ್ಕೆ 30 ಪರ್ಸೆಂಟ್ ತೆರಿಗೆ, ಮೇಲೆ ಸೆಸ್. ನಿಮ್ಮ ಉಳಿದ ಆದಾಯ ಯಾವ ಸ್ಲ್ಯಾಬಿನಲ್ಲಿದ್ದರೂ ಈ ದರ ಬದಲಾಗದು. ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಹುಮಾನ ವಸ್ತುವಾಗಿದ್ದರೆ ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ಅದನ್ನು ಕೈಗೆ ಕೊಡಬೇಕು. 40,000 ರೂಪಾಯಿಯ ಫ್ರಿಜ್ ಗೆದ್ದರೆ 12,000 ರೂಪಾಯಿ ತೆರಿಗೆ ಯಾರದು ಎಂಬ ಪ್ರಶ್ನೆ ಏಳುವುದು ಇಲ್ಲಿಯೇ. ಕೆಲವರು ಅದನ್ನು ತಾವೇ ಭರಿಸುತ್ತಾರೆ, ಕೆಲವರು ಗೆದ್ದವರ ಮೇಲೆ ಹಾಕುತ್ತಾರೆ. ತರಕಾರಿ ಬುಟ್ಟಿ, ಮ್ಯೂಸಿಯಂ ಟಿಕೆಟ್‌ಗಳ ಬೆಲೆ ಈ ಮಿತಿಯೊಳಗೇ ಇರುವುದರಿಂದ ಅಲ್ಲಿ ಈ ತಕರಾರು ಬರುವುದು ಕಡಿಮೆ.

ಮೋಸಗಾರರು ಹಿಡಿದುಕೊಳ್ಳುವುದೂ ಈ ತೆರಿಗೆಯ ಮಾತನ್ನೇ. ಅಂಚೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಬರುತ್ತದೆ. ಉಜ್ಜಿದರೆ ಕಾರು ಬಂದಿದೆ ಎನ್ನುತ್ತದೆ. ಫೋನ್ ಮಾಡಿದರೆ ‘ಮೊದಲು ಟ್ಯಾಕ್ಸ್ ಕಟ್ಟಿ, ಆಮೇಲೆ ನೋಂದಣಿ ಶುಲ್ಕ’ ಎಂದು ಒಂದರ ಹಿಂದೊಂದು ಕಂತು ಕೇಳುತ್ತಾರೆ. ನೀವು ಸೇರದೇ ಇದ್ದ ಸ್ಪರ್ಧೆಯಲ್ಲಿ ಗೆಲ್ಲಲು ಸಾಧ್ಯವಿಲ್ಲ ಎಂಬುದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಹೇಳಿಕೊಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಿನ್ ಹಾಕಿದಿರೆಂದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅಂಗಡಿಯವರು ಘೋಷಿಸಿದ ಬಹುಮಾನ ಕೊಡಲಿಲ್ಲ, ಫಲಿತಾಂಶ ಹೇಳಲಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬುಟ್ಟಿಯಲ್ಲಿ ಏನಿರಬೇಕು

‘ಆರೋಗ್ಯಕರ ಖರೀದಿ’ ಎಂದು ಬರೆದ ಮಾತ್ರಕ್ಕೆ ಪಟ್ಟಿಯಲ್ಲಿರುವುದೆಲ್ಲ ಆರೋಗ್ಯಕ್ಕೆ ಒಳ್ಳೆಯದಲ್ಲ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಇಲ್ಲ. 2024ರಲ್ಲಿ ಸರ್ಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಇದನ್ನೇ ನೆನಪಿಸಿ, ಪಾನೀಯಗಳನ್ನು ಆ ಹೆಸರಿನಡಿ ಇಡಬೇಡಿ ಎಂದು ಸೂಚಿಸಿತು. ಪೊಟ್ಟಣದ ಹಿಂಬದಿ ತಿರುಗಿಸಿ. ಯಾವ ಪದಾರ್ಥ ಹೆಚ್ಚು ತೂಕದಲ್ಲಿದೆಯೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ರಾಗಿ ಬಿಸ್ಕತ್ತಿನ ಪಟ್ಟಿ ಮೈದಾ, ಸಕ್ಕರೆ ಎಂದು ಶುರುವಾದರೆ ರಾಗಿ ಎಷ್ಟಿದೆ ಎಂದು ನೀವೇ ಊಹಿಸಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 2,000 ಕ್ಯಾಲರಿ ಬೇಕಾದವರಿಗೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹೇಳುತ್ತದೆ. ನಾಲ್ವರು ದೊಡ್ಡವರಿರುವ ಮನೆಗೆ ದಿನಕ್ಕೆ ಎರಡು ಕೆಜಿ, ವಾರಕ್ಕೆ 14 ಕೆಜಿ. ಈ ಲೆಕ್ಕ ಕೈಯಲ್ಲಿದ್ದರೆ ಬಹುಮಾನವನ್ನೂ ಅಳೆಯಬಹುದು. ‘ವಾರದ ಬುಟ್ಟಿ’ ಎಂದು ಐದು ಕೆಜಿ ಕೊಟ್ಟರೆ ಅದು ಇಂಥ ಮನೆಗೆ ಎರಡೂವರೆ ದಿನದ್ದು. ಸಂತೆಯಲ್ಲೋ ಹಾಪ್‌ಕಾಮ್ಸ್ ಮಳಿಗೆಯಲ್ಲೋ ನೀವು ಪ್ರತಿವಾರ ತುಂಬಿಸಿಕೊಳ್ಳುವ ಚೀಲ ಯಾವ ಬಹುಮಾನಕ್ಕಿಂತಲೂ ದೊಡ್ಡದು.

ಟಿಕೆಟ್ ಮತ್ತು ಅದರ ಬಳಕೆ

ಮ್ಯೂಸಿಯಂ ಟಿಕೆಟ್ ಬಹುಮಾನವಾಗಿ ಬಂದರೆ ಅದರ ಮೇಲಿನ ಕೊನೆಯ ದಿನ, ಎಷ್ಟು ಜನಕ್ಕೆ ಎಂಬುದು, ವಾರದ ರಜೆ, ಈ ಮೂರನ್ನು ಮೊದಲು ನೋಡಿ. ಬಹಳಷ್ಟು ಮ್ಯೂಸಿಯಂಗಳಿಗೆ ವಾರಕ್ಕೊಂದು ದಿನ ಬಾಗಿಲು ಮುಚ್ಚಿರುತ್ತದೆ. ದುರಸ್ತಿಯ ಕಾಲವಾದರೆ ತಿಂಗಳುಗಟ್ಟಲೆ ಮುಚ್ಚಿರಬಹುದು. ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸಿ.

ಟಿಕೆಟ್ ಬಾರದಿದ್ದರೂ ಬೇಸರ ಬೇಡ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದೂ, ನವೆಂಬರ್ 19ರಂದು ಶುರುವಾಗುವ ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನವೂ ಅಲ್ಲಿ ಎಲ್ಲರಿಗೂ ಉಚಿತ ಪ್ರವೇಶ ಕೊಡುವ ವಾಡಿಕೆಯಿದೆ. ಹಂಪಿಯ ಕಮಲಾಪುರ, ಬಾದಾಮಿ, ಐಹೊಳೆ, ಹಳೇಬೀಡುಗಳಲ್ಲಿ ಇಲಾಖೆಯ ಮ್ಯೂಸಿಯಂಗಳಿವೆ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ, 1977ರಿಂದ ನಡೆದುಬಂದಿದೆ. ಆ ದಿನ ಹತ್ತಿರದ ಮ್ಯೂಸಿಯಂನಲ್ಲಿ ಏನಾದರೂ ವಿಶೇಷವಿದೆಯೇ ಎಂದು ಕೇಳಿ ನೋಡಿ.

ತರಕಾರಿ ಚೀಲವನ್ನೂ ಮ್ಯೂಸಿಯಂ ಟಿಕೆಟ್ಟನ್ನೂ ಒಂದೇ ಯೋಜನೆಯಲ್ಲಿ ಕಟ್ಟಿದ್ದು ವಿಚಿತ್ರವೆನಿಸಿದರೆ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋಗಿ ಬನ್ನಿ. ಹೊಲದ ಸಲಕರಣೆ, ಕಾಳು ಅಳೆಯುವ ಮಾನ, ಬೀಸುವ ಕಲ್ಲು ಎಲ್ಲವೂ ಅಲ್ಲಿ ಸಾಲಾಗಿವೆ. ಬೆಳಿಗ್ಗೆ ಅಂಗಡಿಯಲ್ಲಿ ರಾಗಿ ಕೊಂಡ ಮಗು ಮಧ್ಯಾಹ್ನ ಆ ಬೀಸುವ ಕಲ್ಲಿನ ಮುಂದೆ ನಿಂತರೆ, ರಾಗಿ ಹಿಟ್ಟಾಗಲು ಎಷ್ಟು ತೋಳುಗಳು ಬೇಕಿದ್ದವು ಎಂಬುದು ಅದಕ್ಕೆ ತಾನೇ ಹೊಳೆಯುತ್ತದೆ.

ನೀವೇ ನಡೆಸುವುದಾದರೆ

ನಿವಾಸಿಗಳ ಸಂಘ, ಕನ್ನಡ ಸಂಘ, ಶಾಲೆ ಅಥವಾ ಗ್ರಂಥಾಲಯ ಇಂಥದ್ದೊಂದು ಯೋಜನೆ ಮಾಡಹೊರಟರೆ ನನ್ನ ಸಲಹೆ ಒಂದೇ: ಅದೃಷ್ಟವನ್ನು ತೆಗೆದುಹಾಕಿ. ಒಬ್ಬರಿಗೆ ದೊಡ್ಡದು ಕೊಡುವ ಬದಲು ಮಾಡಿದವರಿಗೆಲ್ಲ ಚಿಕ್ಕದು ಕೊಡಿ.

ಇದಕ್ಕೆ ಹೊರದೇಶಗಳ ಅನುಭವ ಕಣ್ಣ ಮುಂದಿದೆ. ದಕ್ಷಿಣ ಆಫ್ರಿಕಾದ ಡಿಸ್ಕವರಿ ಎಂಬ ವಿಮಾ ಸಂಸ್ಥೆ 2009ರಲ್ಲಿ ತನ್ನ ಸದಸ್ಯರಿಗೆ ಆರೋಗ್ಯಕರ ದಿನಸಿಯ ಮೇಲೆ 10 ಅಥವಾ 25 ಪರ್ಸೆಂಟ್ ಹಣ ಹಿಂದಿರುಗಿಸಲು ಶುರುಮಾಡಿತು. ಬಿಲ್ಲುಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಸದಸ್ಯರ ಆಹಾರದ ಖರ್ಚಿನಲ್ಲಿ ಆರೋಗ್ಯಕರ ಪದಾರ್ಥಗಳ ಪಾಲು ಏರಿದ್ದು ಕಂಡಿತು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದೇ 2009ರಲ್ಲಿ ಶುರುವಾದ ‘ಡಬಲ್ ಅಪ್ ಫುಡ್ ಬಕ್ಸ್’ ಯೋಜನೆಯಲ್ಲಿ, ಸರ್ಕಾರದ ಆಹಾರ ನೆರವಿನ ಕಾರ್ಡಿನಿಂದ ರೈತರ ಸಂತೆಯಲ್ಲಿ ಒಂದು ಡಾಲರ್ ಖರ್ಚು ಮಾಡಿದರೆ ಹಣ್ಣು ತರಕಾರಿಗೆ ಇನ್ನೊಂದು ಡಾಲರ್ ಸೇರುತ್ತದೆ. ಅದೇ ಕಾರ್ಡ್ ತೋರಿಸಿದರೆ ‘ಮ್ಯೂಸಿಯಮ್ಸ್ ಫಾರ್ ಆಲ್’ ಎಂಬ ಏರ್ಪಾಡಿನಡಿ ಮ್ಯೂಸಿಯಂ ಪ್ರವೇಶ ಉಚಿತ ಅಥವಾ ಮೂರು ಡಾಲರಿನೊಳಗೆ. 2014ರಲ್ಲಿ ಆರಂಭವಾದ ಇದರಲ್ಲಿ ಈಗ ಸಾವಿರಕ್ಕೂ ಹೆಚ್ಚು ಮ್ಯೂಸಿಯಂಗಳಿವೆ. ಈ ಮೂರರಲ್ಲಿ ಎಲ್ಲಿಯೂ ಚೀಟಿ ಎತ್ತುವುದಿಲ್ಲ. ಮಾಡಿದವರಿಗೆಲ್ಲ ಸಿಗುತ್ತದೆ.

ನಮ್ಮಲ್ಲಿ ಇದನ್ನು ಹೀಗೆ ಮಾಡಬಹುದು. ಎಂಟು ಚೌಕಗಳಿರುವ ಒಂದು ಕಾರ್ಡ್ ಅಚ್ಚುಹಾಕಿಸಿ. ವಾರಕ್ಕೆ ಒಂದು ಹೊಸ ಸೊಪ್ಪು ಅಥವಾ ತರಕಾರಿ ಅಡುಗೆ ಮಾಡಿ ಅದರ ಹೆಸರು ಬರೆದರೆ ಒಂದು ಸೀಲು. ಎಲ್ಲಿ ಕೊಂಡರು, ಹಿತ್ತಿಲಲ್ಲೇ ಬೆಳೆದರೇ ಎಂದು ಕೇಳಬೇಡಿ; ಆಗ ಯಾವ ಅಂಗಡಿಯ ಮಾರಾಟಕ್ಕೂ ಅದು ಗಂಟುಬೀಳುವುದಿಲ್ಲ. ಎಂಟು ಸೀಲು ತುಂಬಿದ ಪ್ರತಿ ಮನೆಗೂ ಮ್ಯೂಸಿಯಂಗೆ ಒಟ್ಟಾಗಿ ಹೋಗುವ ಬಸ್ಸಿನಲ್ಲಿ ಜಾಗ. ಖರ್ಚನ್ನು ಸಂಘ ಅಥವಾ ದಾನಿಗಳು ನೋಡಿಕೊಳ್ಳಲಿ. ಸೇರುವವರಿಂದ ಶುಲ್ಕ ಬೇಡ.

ಸ್ಪರ್ಧೆಯ ಉತ್ಸಾಹ ಬೇಕೇ ಬೇಕೆಂದರೆ ಜಾಣ್ಮೆಯದು ಇರಲಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನ ಕ್ರಿ.ಶ. 949ರದು, ಹಂದಿಯೊಡನೆ ಹೋರಾಡಿ ಸತ್ತ ಒಂದು ನಾಯಿಯ ಕತೆ ಅದರಲ್ಲಿದೆ. ಆ ನಾಯಿಯ ಹೆಸರೇನು, ಅದು ಯಾರ ನಾಯಿ ಎಂದು ಮಕ್ಕಳನ್ನು ಕೇಳಿ. ಉತ್ತರ ಹುಡುಕಿ ಬರೆದವರ ಹೆಸರುಗಳನ್ನು, ಹೇಳಿದ ದಿನವೇ, ಹೇಳಿದ ಜಾಗದಲ್ಲೇ, ಬೋರ್ಡಿನ ಮೇಲೆ ಹಾಕಿ. ಬಹುಮಾನ ಹಂಚಿಯಾದ ಮೇಲೆ ಮೊಬೈಲ್ ನಂಬರುಗಳಿರುವ ಹಾಳೆಗಳನ್ನು ಹರಿದುಹಾಕಿ.

ಆಗ ಬೋರ್ಡಿನ ಮುಂದೆ ನಿಂತ ಯಾರೂ ಬರಿಗೈಯಲ್ಲಿ ಮನೆಗೆ ಹೋಗಬೇಕಿಲ್ಲ. ಎಂಟು ವಾರ ಎಂಟು ಸೊಪ್ಪಿನ ರುಚಿ ನೋಡಿದ ಮನೆಯವರು ಒಂಬತ್ತನೆಯ ವಾರವೂ, ಸೀಲು ಇಲ್ಲದಿದ್ದರೂ, ಸೊಪ್ಪಿನ ಅಜ್ಜಿಯ ಮುಂದೆ ಚೀಲ ಹಿಡಿದು ನಿಂತರೆ ನಿಮ್ಮ ಯೋಜನೆ ಗೆದ್ದಿತೆಂದು ತಿಳಿಯಿರಿ.